600 ಮೀಟರ್ ದಾರಿಗೆ ಆಟೋ ಯಾಕೆ ಬೇಕು?

ಪ್ರಶ್ನೆ: ಸರ್, ನಾವು ಕಲಬುರಗಿಯವರು. ಮನೆಯಿಂದ ಸಿಟಿ ಬಸ್ ನಿಲ್ದಾಣಕ್ಕೆ 600 ಮೀಟರ್ ಅಷ್ಟೇ. ನಮ್ಮ ಅತ್ತೆಯವರಿಗೆ 70 ದಾಟಿದೆ, ಸಕ್ಕರೆ ಕಾಯಿಲೆ ಇದೆ. ದಿನಾ ನಡೀರಿ ಅಂತ ಡಾಕ್ಟರ್ ಹೇಳಿದ್ದಾರೆ. ಮಗ ಆರನೇ ಕ್ಲಾಸು, ಶಾಲೆಗೆ ಒಬ್ಬನೇ ನಡೆದು ಹೋಗ್ತೀನಿ ಅಂತ ಹಟ. ಇಬ್ಬರನ್ನೂ ಕಳಿಸೋಕೆ ನನಗೆ ಧೈರ್ಯ ಬರೋದಿಲ್ಲ. ಆಟೋಗೇ ದುಡ್ಡು ಹೋಗ್ತಿದೆ. ನಮ್ಮ ರಸ್ತೆಯಲ್ಲಿ ಫುಟ್‌ಪಾತ್ ಇದೆ, ಆದರೆ ಅದರ ಮೇಲೆ ಯಾರೂ ನಡೆಯೋದಿಲ್ಲ. ಈಗ ರಸ್ತೆಯನ್ನ ಹೊಸದಾಗಿ ಮಾಡ್ತಾರಂತೆ. ಓಣಿಯವರೆಲ್ಲ ಸೇರಿ ಅರ್ಜಿ ಕೊಡೋಣ ಅಂತಿದ್ದೇವೆ. ಏನು ಕೇಳಬೇಕು? ಯಾರನ್ನ ಕೇಳಬೇಕು?

ಉತ್ತರ: "ಫುಟ್‌ಪಾತ್ ಇದೆ, ಆದರೆ ಅದರ ಮೇಲೆ ಯಾರೂ ನಡೆಯೋದಿಲ್ಲ" ಅಂತ ಬರೆದಿದ್ದೀರಲ್ಲ, ನಿಮ್ಮ ಅರ್ಜಿ ಅಲ್ಲಿಂದಲೇ ಶುರುವಾಗಲಿ. ನಾನು ರಸ್ತೆಗಳ ನಕ್ಷೆ ಮಾಡುವ ಕೆಲಸದವನು. ನಿಮ್ಮ ಕಲಬುರಗಿಯದ್ದೇ ಬ್ರಹ್ಮಪುರದ ಓಣಿಗಳಲ್ಲಿ ನಡೆದೇ ಬೆಳೆದವನು. ಹೊಸ ಫುಟ್‌ಪಾತ್ ಖಾಲಿ ಬಿದ್ದಿದ್ದು, ಅದರ ಪಕ್ಕದಲ್ಲೇ ಜನ ಬಸ್ಸು, ಟಂಟಂಗಳ ನಡುವೆ ನಡೆಯುವುದನ್ನ ಎಷ್ಟೋ ಊರಲ್ಲಿ ನೋಡಿದ್ದೇನೆ. "ನಮ್ಮ ಜನಕ್ಕೆ ಶಿಸ್ತಿಲ್ಲ" ಅಂತ ಅಧಿಕಾರಿಗಳು ಹೇಳುತ್ತಾರೆ. ನಾನು ಅದನ್ನ ಒಪ್ಪುವುದಿಲ್ಲ. ಮೊಣಕಾಲು ನೋವಿರುವ ಮನುಷ್ಯ ಸುಮ್ನೆ ಜೀವ ಪಣಕ್ಕಿಟ್ಟು ಡಾಂಬರಿನ ಮೇಲೆ ನಡೆಯುತ್ತಾನಾ? ಮೇಲೆ ನಡೆಯೋಕೆ ಆಗದೇ ಕೆಳಗೆ ಇಳಿದಿರುತ್ತಾನೆ.

ಅದಕ್ಕೇ ಅರ್ಜಿಯಲ್ಲಿ "ಫುಟ್‌ಪಾತ್ ಮಾಡಿಕೊಡಿ" ಅಂತ ಬರೆಯಬೇಡಿ. "ನಮ್ಮ ಓಣಿಯಿಂದ ಬಸ್ ನಿಲ್ದಾಣದವರೆಗೆ, ಒಬ್ಬ ಅಜ್ಜಿ ಎಲ್ಲೂ ರಸ್ತೆಗೆ ಇಳಿಯದೆ ಹೋಗಿ ಬರುವಂಥ ದಾರಿ ಬೇಕು" ಅಂತ ಬರೆಯಿರಿ. ಈ ಎರಡು ಮಾತಿಗೆ ತುಂಬಾ ವ್ಯತ್ಯಾಸವಿದೆ. ಕಾಮಗಾರಿಯ ಲೆಕ್ಕ ಮೀಟರಿನಲ್ಲಿ ನಡೆಯುತ್ತದೆ. 600 ಮೀಟರಿನಲ್ಲಿ 580 ಆಗಿದ್ದರೆ ಬಿಲ್ ಪಾಸಾಗುತ್ತದೆ. ಆದರೆ ನಿಮ್ಮ ಅತ್ತೆಯವರು ನಿಲ್ಲುವುದು ಉಳಿದ 20 ಮೀಟರಿನಲ್ಲೇ. ಅಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ, ಮುಚ್ಚಳ ಇಲ್ಲದ ಚರಂಡಿ ಇರುತ್ತದೆ, ದಾಟಲಾಗದ ತಿರುವು ಇರುತ್ತದೆ. ಒಂದೇ ಕಡೆ ಕಡಿದರೂ ಇಡೀ ದಾರಿ ಕಡಿದಂತೆ. ಅವರು ಆಟೋ ಹತ್ತುತ್ತಾರೆ.

ಒಂದು ದಿನ ಬೆಳಿಗ್ಗೆ ಅತ್ತೆಯವರ ಜೊತೆ ನೀವೇ ಆ 600 ಮೀಟರ್ ನಡೆಯಿರಿ. ಅವರು ಎಷ್ಟು ಸಲ ಕೆಳಗಿಳಿದರು, ಎಲ್ಲಿ ಇಳಿದರು, ಯಾಕೆ ಇಳಿದರು ಅಂತ ಬರೆದುಕೊಳ್ಳಿ. ನಾನು ಹೇಳುವ ಬಹಳಷ್ಟು ವಿಷಯ ಆ ಚೀಟಿಯಲ್ಲಿ ತಾನಾಗೇ ಬರುತ್ತದೆ.

ಮೊದಲು ಸಿಗುವುದು ಗೇಟುಗಳು. ಪ್ರತಿ ಮನೆ, ಪ್ರತಿ ಅಂಗಡಿಯ ಮುಂದೆ ಗಾಡಿ ಒಳಗೆ ಹೋಗಲಿ ಅಂತ ಫುಟ್‌ಪಾತನ್ನೇ ಕಡಿದು ಇಳಿಜಾರು ಮಾಡಿರುತ್ತಾರೆ. ನಡೆಯುವವರು ಹತ್ತು ಹೆಜ್ಜೆಗೊಮ್ಮೆ ಇಳಿಯಬೇಕು, ಹತ್ತಬೇಕು. ಆರೋಗ್ಯವಾಗಿ ಇರುವವರಿಗೇ ಇದು ಬೇಸರ, ಇನ್ನು 70 ದಾಟಿದ ಮೊಣಕಾಲು ಏನು ಹೇಳಬೇಕು? ಪರಿಹಾರ ಸುಲಭ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು. ಇಳಿಜಾರು ರಸ್ತೆಯ ಅಂಚಿನ ಸ್ವಲ್ಪ ಜಾಗದಲ್ಲಿ ಮಾತ್ರ ಇರಬೇಕು. ಹತ್ತಿ ಇಳಿಯುವ ಕಷ್ಟ ಎಂಜಿನ್ ಇರುವ ಗಾಡಿಗೆ ಇರಲಿ. ಎತ್ತರವೂ ಮುಖ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 103 ಅನ್ನುವ ಮಾರ್ಗಸೂಚಿ ಪಾದಚಾರಿಗಳಿಗಾಗಿಯೇ ಇದೆ. ಅದರ ಪ್ರಕಾರ ಫುಟ್‌ಪಾತ್ ರಸ್ತೆಗಿಂತ 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು. ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಅಂಗಡಿಗಳಿರುವ ಕಡೆ ಇನ್ನೂ ಜಾಸ್ತಿ. 1.8 ಅನ್ನುವುದು ಎಲ್ಲಿಂದಲೋ ತಂದ ಸಂಖ್ಯೆ ಅಲ್ಲ. ಎರಡು ಗಾಲಿಕುರ್ಚಿಗಳು ಎದುರುಬದುರು ಬಂದರೆ ದಾಟಿಹೋಗಲು ಅಷ್ಟು ಬೇಕು. ಅತ್ತೆ, ಸೊಸೆ ಮಾತಾಡುತ್ತಾ ಅಕ್ಕಪಕ್ಕ ನಡೆಯುವಾಗ ಎದುರಿನವರಿಗೆ ದಾರಿ ಬಿಡಲೂ ಅಷ್ಟು ಬೇಕು. ಕಂಬ, ಬೋರ್ಡು, ಮರ ಇವುಗಳ ಜಾಗ ಈ 1.8ರ ಹೊರಗೆ, ರಸ್ತೆಯ ಅಂಚಿನ ಪಟ್ಟಿಯಲ್ಲಿ.

ಇನ್ನೊಂದು, ಚರಂಡಿ ಮೇಲಿನ ಸ್ಲ್ಯಾಬು. ನಮ್ಮ ಊರುಗಳಲ್ಲಿ ಫುಟ್‌ಪಾತ್ ಅಂದರೆ ಬಹುಪಾಲು ಚರಂಡಿಯ ಮುಚ್ಚಳವೇ. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಯಲು ಸ್ಲ್ಯಾಬು ಎತ್ತುತ್ತಾರೆ. ಅದು ತುಂಬಾ ಭಾರ ಇದ್ದರೆ ಒಡೆಯುತ್ತದೆ, ಇಲ್ಲವಾದರೆ ಓರೆಯಾಗಿ ಕೂರುತ್ತದೆ. ಹಾಗಾಗಿ ನಕ್ಷೆಯಲ್ಲೇ ಕೇಳಿ: ಇಷ್ಟಿಷ್ಟು ದೂರಕ್ಕೊಂದು, ಇಬ್ಬರು ಕೊಕ್ಕೆ ಹಾಕಿ ಎತ್ತಬಹುದಾದ ಸಣ್ಣ ಮುಚ್ಚಳ ಇರಬೇಕು. ಉಳಿದ ಸ್ಲ್ಯಾಬನ್ನ ಯಾರೂ ಮುಟ್ಟುವ ಅಗತ್ಯ ಬರಬಾರದು. ಚರಂಡಿ ಶುಚಿ ಮಾಡುವವರಿಗೂ ಇದರಿಂದ ಬೆನ್ನು ಉಳಿಯುತ್ತದೆ.

ಈಗ ನಮ್ಮ ಮಣ್ಣಿನ ಮಾತು. ಬೇರೆ ಊರಿನ ನಕ್ಷೆಯನ್ನ ಹಾಗೇ ತಂದು ಇಲ್ಲಿ ಹಾಕಿದರೆ ಕೆಡುವುದು ಇಲ್ಲೇ. ನಮ್ಮದು ತೊಗರಿ ಬೆಳೆಯುವ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆ ಬಂದಾಗ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಮರಳು ಹಾಸಿ ಸಿಮೆಂಟ್ ಟೈಲ್ಸ್ ಜೋಡಿಸಿದರೆ ಒಂದೆರಡು ಮಳೆಗಾಲಕ್ಕೇ ಅಲ್ಲಲ್ಲಿ ಕುಸಿಯುತ್ತದೆ, ಅಲ್ಲಲ್ಲಿ ಏಳುತ್ತದೆ. ಆಮೇಲೆ ಒಂದು ಟೈಲ್ ಎದ್ದರೂ ಸಾಕು, ಮುದುಕರ ಕಾಲು ಎಡವುತ್ತದೆ. ಎರಿ ಮಣ್ಣನ್ನ ಅಗೆದು ತೆಗೆಯಬೇಕು. ಆ ಜಾಗಕ್ಕೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು ತುಂಬಿ, ಪದರ ಪದರವಾಗಿ ದಮ್ಮಸ್ಸು ಮಾಡಬೇಕು. ನೀರು ಕೆಳಗೆ ನಿಲ್ಲದೆ ಚರಂಡಿಗೆ ಹೋಗುವಂತೆ ಇಳಿಜಾರು ಕೊಡಬೇಕು. ಇದು ಕಣ್ಣಿಗೆ ಕಾಣದ ಕೆಲಸ. ಅದಕ್ಕೇ ಹಣ ಉಳಿಸುವವರು ಮೊದಲು ಕೈ ಇಡುವುದು ಇದರ ಮೇಲೆ. ಅಗೆಯುವ ದಿನ ಓಣಿಯವರು ಒಬ್ಬರಾದರೂ ನಿಂತು ನೋಡಿ, ಫೋಟೋ ತೆಗೆದುಕೊಳ್ಳಿ.

ಮೇಲೆ ಏನು ಹಾಸಬೇಕು? ಶಹಾಬಾದ್ ಕಲ್ಲು ನಮ್ಮ ಮನೆ ಬಾಗಿಲಲ್ಲೇ ಸಿಗುತ್ತದೆ. ಈ ಪರ್ಸಿ ಕಲ್ಲಿನ ಮೇಲೆ ನಾವೆಲ್ಲ ಬರಿಗಾಲಲ್ಲಿ ಆಡಿ ಬೆಳೆದವರು. ಆದರೆ ಅದು ಸುಣ್ಣದ ಕಲ್ಲು. ಪಾಲಿಶ್ ಮಾಡಿದ್ದು ಮನೆಯೊಳಗೆ ಚಂದ, ಹೊರಗೆ ಒದ್ದೆಯಾದರೆ ಜಾರುತ್ತದೆ. ನಮ್ಮ ಅವ್ವ ಒಂದು ಅಂಗಡಿಯ ಮುಂದಿನ ನುಣುಪು ಕಲ್ಲಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಶ್ರಾವಣದ ಸಣ್ಣ ಜಿಟಿಜಿಟಿ ಮಳೆ, ಅಷ್ಟೇ. ಕೈ ಕೂಡಿತು, ಆದರೆ ಆಮೇಲೆ ಅವಳು ಒಬ್ಬಳೇ ಬಜಾರಿಗೆ ಹೋಗಲಿಲ್ಲ. ಹಾಗಾಗಿ ಹೊರಗೆ ಹಾಸುವುದಾದರೆ ಒರಟು ಮೈಯ ಕಲ್ಲೇ ಆಗಬೇಕು ಅಂತ ಬರೆಯಿರಿ. ಸವೆದು ನುಣುಪಾದಾಗ ಉಳಿಯಿಂದ ಗೀರು ಹಾಕಿಸಬಹುದು. ಬಣ್ಣದ ಹೊಳೆಯುವ ಟೈಲ್ಸ್ ಬೇಡವೇ ಬೇಡ.

ತಳ್ಳುಗಾಡಿಯವರ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಸಭೆಯಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ. "ಇವರನ್ನ ಓಡಿಸಿದರೆ ಎಲ್ಲ ಸರಿಹೋಗುತ್ತದೆ" ಅಂತ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಸುತ್ತ ಒಂದು ಸಂಜೆ ನಿಂತು ನೋಡಿ. ಹಣ್ಣಿನ ಗಾಡಿ, ಮಿರ್ಚಿ ಭಜಿಯ ಗಾಡಿ ಇರುವ ಕಡೆ ಬೆಳಕಿರುತ್ತದೆ, ಜನ ಇರುತ್ತಾರೆ, ಹೆಣ್ಣುಮಕ್ಕಳು ಧೈರ್ಯವಾಗಿ ನಿಲ್ಲುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಹೊಟ್ಟೆಪಾಡನ್ನೂ ಕಾಪಾಡುತ್ತದೆ, ಎಲ್ಲಿ ನಿಲ್ಲಬೇಕು ಅಂತ ಗುರುತು ಮಾಡಲು ಪಟ್ಟಣ ವ್ಯಾಪಾರ ಸಮಿತಿಯನ್ನೂ ಕೊಟ್ಟಿದೆ. 1.8 ಮೀಟರ್ ಬಿಟ್ಟು ಅಂಚಿನಲ್ಲಿ ಜಾಗ ಗುರುತು ಮಾಡಿ ಅಂತ ಕೇಳಿ. ನಿಜವಾಗಿ ಫುಟ್‌ಪಾತ್ ತಿನ್ನುವುದು ನಿಲ್ಲಿಸಿದ ಬೈಕು, ಕಾರು. ಒಂದು ಕಾರು ನಿಲ್ಲುವ ಜಾಗದಲ್ಲಿ ಮೂರು ತಳ್ಳುಗಾಡಿ ನಿಲ್ಲುತ್ತವೆ, ಅಲ್ವಾ?

ಅಂಗಡಿಯವರು "ಪಾರ್ಕಿಂಗ್ ತೆಗೆದರೆ ವ್ಯಾಪಾರ ಹೋಗುತ್ತದೆ" ಅಂತ ಹೆದರುತ್ತಾರೆ. ಅವರ ಹೆದರಿಕೆಯನ್ನ ಕೇಳಿಸಿಕೊಳ್ಳಿ, ಜಗಳ ಬೇಡ. ಪುಣೆಗೆ ರೈಲಿನಲ್ಲಿ ಹೋಗಿ ಬರುವವರು ನಮ್ಮಲ್ಲಿ ಜಾಸ್ತಿ. ಅಲ್ಲಿನ ಜಂಗಲಿ ಮಹಾರಾಜ್ ರಸ್ತೆಯನ್ನ, ಚೆನ್ನೈ ಕಡೆ ಹೋದರೆ 2019ರಲ್ಲಿ ಅಗಲ ಫುಟ್‌ಪಾತ್ ಮಾಡಿದ ಪಾಂಡಿ ಬಜಾರನ್ನ ನೋಡಿ ಬರಲು ಹೇಳಿ. ಅಷ್ಟು ದೂರ ಬೇಡ ಅಂದರೆ ಶರಣಬಸವೇಶ್ವರ ಜಾತ್ರೆಯನ್ನೇ ನೆನಪಿಸಿ. ಗಾಡಿ ಓಡಾಟ ನಿಲ್ಲಿಸಿ ಜನ ನಡೆಯುವ ಆ ದಿನಗಳಲ್ಲಿ ವ್ಯಾಪಾರ ಎಷ್ಟಾಗುತ್ತದೆ ಅಂತ ಅವರಿಗೇ ಗೊತ್ತು.

ಇನ್ನು ನಿಮ್ಮ ಮಗನ ವಿಷಯ. ಇಲ್ಲಿ ಫುಟ್‌ಪಾತಿಗಿಂತ ಗಾಡಿಯ ವೇಗ ಮುಖ್ಯ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತದಲ್ಲಿ ಸತ್ತ ಪಾದಚಾರಿಗಳು 32,825. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ದಿನಕ್ಕೆ ಸುಮಾರು 90 ಜನ. ಇದರಲ್ಲಿ ವೇಗದ ಪಾತ್ರ ಏನು ಅಂತ ಒಂದು ಸಣ್ಣ ಲೆಕ್ಕದಿಂದ ಹೇಳುತ್ತೇನೆ. ಹುಡುಗನೊಬ್ಬ ಗಾಡಿಯ ಮುಂದೆ 15 ಮೀಟರ್ ದೂರದಲ್ಲಿ ರಸ್ತೆಗೆ ಬಂದ ಅಂತ ಇಟ್ಟುಕೊಳ್ಳಿ. ಓಡಿಸುವವನಿಗೆ ನೋಡಿ ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು. 30 ಕಿಲೋಮೀಟರ್ ವೇಗದಲ್ಲಿದ್ದರೆ ಆ ಸೆಕೆಂಡಿನಲ್ಲಿ ಗಾಡಿ 8 ಮೀಟರ್ ಮುಂದೆ ಬರುತ್ತದೆ. ಒಣ ರಸ್ತೆಯಲ್ಲಿ ಇನ್ನೈದು ಮೀಟರಿಗೆ ನಿಲ್ಲುತ್ತದೆ. ಹುಡುಗ ಉಳಿಯುತ್ತಾನೆ. ಅದೇ ಗಾಡಿ 50ರಲ್ಲಿ ಬರುತ್ತಿದ್ದರೆ ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ದಾಟಿರುತ್ತದೆ. ಬ್ರೇಕ್ ಹಿಡಿಯುವ ಹೊತ್ತಿಗೆ ಹುಡುಗ ಎದುರಿಗೇ ಇರುತ್ತಾನೆ. ಹೆಚ್ಚುಕಡಿಮೆ ಪೂರ್ತಿ ವೇಗದಲ್ಲೇ ಹೊಡೆಯುತ್ತದೆ. ಅದೇ ಹುಡುಗ, ಅದೇ ಬ್ರೇಕ್. ಜನ ಓಡಾಡುವ ರಸ್ತೆಗೆ 30 ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಬೋರ್ಡಿನಲ್ಲಿ 30 ಅಂತ ಬರೆದರೆ ಯಾರೂ ನಿಧಾನ ಮಾಡುವುದಿಲ್ಲ. ರಸ್ತೆಯ ಆಕಾರವೇ ನಿಧಾನ ಮಾಡಿಸಬೇಕು. ಬೀದರಿನ ಹಳೇ ಊರಿನ ಚೌಬಾರಾ ನೋಡಿದ್ದೀರಾ? ಎರಡು ದೊಡ್ಡ ಬೀದಿ ಕೂಡುವ ಕಡೆ ಸರಿಯಾಗಿ ನಡುವೆ 71 ಅಡಿ ಎತ್ತರದ ದುಂಡನೆಯ ಬುರುಜು ನಿಂತಿದೆ. ಕಾವಲಿಗಾಗಿ ಕಟ್ಟಿದ್ದು. ಈಗ ಅಲ್ಲಿ ನೇರವಾಗಿ ನುಗ್ಗಲು ಯಾವ ಬೈಕಿಗೂ ಆಗುವುದಿಲ್ಲ, ಸುತ್ತಿಯೇ ಹೋಗಬೇಕು. ಬೀದರಿಗೆ ಹೋದಾಗಲೆಲ್ಲ ನಾನು ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡುತ್ತೇನೆ, ಅಷ್ಟು ಇಷ್ಟ ನನಗೆ. ನಿಮ್ಮ ರಸ್ತೆಗೆ ಬುರುಜು ಬೇಡ. ಓಣಿ ಮುಖ್ಯ ರಸ್ತೆಗೆ ಸೇರುವ ಮೂಲೆಯನ್ನ ದೊಡ್ಡ ಬಳಸು ತಿರುವಾಗಿ ಬಿಡದೆ ಬಿಗಿ ಮಾಡಲಿ. ಮೂಲೆ ಅಗಲವಾಗಿದ್ದರೆ ಬೈಕು ವೇಗ ಇಳಿಸದೆ ತಿರುಗುತ್ತದೆ. ಬಿಗಿಯಾಗಿದ್ದರೆ ಇಳಿಸಲೇಬೇಕು. ನಡೆಯುವವರು ದಾಟುವ ದೂರವೂ ಕಡಿಮೆಯಾಗುತ್ತದೆ. ಶಾಲೆಯ ಮುಂದೆ ಜೀಬ್ರಾ ಪಟ್ಟಿಯನ್ನ ಬರೀ ಬಣ್ಣದಲ್ಲಿ ಬಳಿಯದೆ, ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸಿ ಕಟ್ಟಲಿ. ಆಗ ಮಕ್ಕಳು ರಸ್ತೆಗೆ ಇಳಿಯುವುದಿಲ್ಲ, ಗಾಡಿಗಳೇ ಹತ್ತಿ ಇಳಿದು ಹೋಗುತ್ತವೆ. ಬಣ್ಣ ಆರು ತಿಂಗಳಿಗೆ ಅಳಿಸುತ್ತದೆ, ಇದು ಅಳಿಸುವುದಿಲ್ಲ.

ರಿಂಗ್ ರೋಡಿನಂಥ ಅಗಲ ರಸ್ತೆ ದಾಟಬೇಕಿದ್ದರೆ ಸಿಗ್ನಲ್ ಸಮಯ ನೋಡಿ. ಎಂಜಿನಿಯರುಗಳು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಲೆಕ್ಕ ಹಾಕುತ್ತಾರೆ. 18 ಮೀಟರ್ ರಸ್ತೆಗೆ 15 ಸೆಕೆಂಡ್ ಆಯಿತು. ನಿಮ್ಮ ಅತ್ತೆಯವರ ನಡಿಗೆ 0.8 ಮೀಟರ್ ಇದ್ದರೆ ಅವರಿಗೆ ಇಪ್ಪತ್ತೆರಡೂವರೆ ಸೆಕೆಂಡ್ ಬೇಕು. ಸಮಯ ಹೆಚ್ಚಿಸಿ ಅನ್ನಿ. ನಡುವೆ ಡಿವೈಡರಿನಲ್ಲಿ ನಿಂತು ಸುಧಾರಿಸಿಕೊಳ್ಳಲು ಜಾಗ ಕೊಡಿ ಅನ್ನಿ. ಮೇಲ್ಸೇತುವೆ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಬಸ್ಸು, ಲಾರಿ ಕೆಳಗೆ ಹೋಗಬೇಕೆಂದರೆ ಅದು ಐದೂವರೆ ಮೀಟರ್ ಎತ್ತರ ಬೇಕು. ಅಂದರೆ 35ಕ್ಕಿಂತ ಜಾಸ್ತಿ ಮೆಟ್ಟಿಲು ಹತ್ತಿ, ಅಷ್ಟೇ ಇಳಿಯಬೇಕು. ಮೊಣಕಾಲು ನೋವಿನವರು, ಕೈಯಲ್ಲಿ ಚೀಲ ಇರುವವರು ಹತ್ತುತ್ತಾರಾ?

ಈಗ ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದ್ದು: ನೆರಳು. ಮಾರ್ಗಸೂಚಿಯಲ್ಲಿ ಅಗಲ, ಎತ್ತರ ಎಲ್ಲ ಸಿಗುತ್ತದೆ. ಆದರೆ ನಮ್ಮೂರಲ್ಲಿ ಮೇ ತಿಂಗಳ 42, 43 ಡಿಗ್ರಿಯಲ್ಲಿ ಅತಿ ಚೆನ್ನಾದ ಫುಟ್‌ಪಾತ್ ಕೂಡ ಕಾದ ರೊಟ್ಟಿ ಹಂಚೇ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ಭಾಗ ನಮ್ಮದು. ಕಚೇರಿಗೆ ಬಿಸಿಲಿನ ಲೆಕ್ಕ ಇದೆ, ಫುಟ್‌ಪಾತಿಗೆ ಇಲ್ಲ. ಕಲಬುರಗಿ ಇರುವುದು 17 ಡಿಗ್ರಿ ಅಕ್ಷಾಂಶದ ಹತ್ತಿರ. ಮೇ ತಿಂಗಳ ಮೊದಲರ್ಧದಲ್ಲಿ ಒಂದು ದಿನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನಮ್ಮ ನೆರಳು ಕಾಲಡಿಗೇ ಬೀಳುತ್ತದೆ. ಅಂದರೆ ಬೇಸಿಗೆಯ ಮಧ್ಯಾಹ್ನ ಕಟ್ಟಡದ ನೆರಳು ನಂಬಿ ಪ್ರಯೋಜನ ಇಲ್ಲ. ತಲೆಯ ಮೇಲೆ ಹಬ್ಬಿದ ಕೊಂಬೆಯೇ ಬೇಕು. ಬೆಳಿಗ್ಗೆ, ಸಂಜೆಯ ಮಾತು ಬೇರೆ. ರಸ್ತೆ ಉತ್ತರ ದಕ್ಷಿಣವಾಗಿದ್ದರೆ ಬೆಳಿಗ್ಗೆ ಪೂರ್ವದ ಬದಿ ನೆರಳಿರುತ್ತದೆ, ಸಂಜೆ ಪಶ್ಚಿಮದ ಬದಿ. ಎರಡೂ ಬದಿ ಮಾಡಲು ಹಣ ಇಲ್ಲ ಅಂದರೆ, ನಿಮ್ಮ ಓಣಿಯವರು ಹೆಚ್ಚು ನಡೆಯುವ ಹೊತ್ತು ಯಾವುದು ಅಂತ ನೋಡಿ ಬದಿ ಆರಿಸಿ.

ಬೇವು ಹಾಕಿಸಿ. ಹೊಂಗೆ ಹಾಕಿಸಿ. ಎರಡೂ ನಮ್ಮ ಬಿಸಿಲು, ನಮ್ಮ ನೀರಿನ ಕೊರತೆ ತಡೆಯುವ ಮರಗಳು. ಏಳೆಂಟು ಮೀಟರಿಗೊಂದು ಇದ್ದರೆ ಬೆಳೆದ ಮೇಲೆ ಕೊಂಬೆ ಕೊಂಬೆ ಕೂಡುತ್ತವೆ. ಬುಡಕ್ಕೆ ಕನಿಷ್ಠ ಒಂದು ಮೀಟರ್ ಚೌಕ ತೆರೆದ ಮಣ್ಣು ಬಿಡಬೇಕು. ಬುಡದವರೆಗೆ ಸಿಮೆಂಟ್ ಮೆತ್ತಿದ ಮರ ಎಷ್ಟು ದಿನ ಬಾಳುತ್ತದೆ? ಈಗಾಗಲೇ ಇರುವ ಒಂದು ದೊಡ್ಡ ಬೇವಿನ ಮರ ಕಡಿದು ಐದು ಸಸಿ ನೆಡುತ್ತೇವೆ ಅಂದರೆ ಒಪ್ಪಬೇಡಿ. ಆ ಸಸಿ ನೆರಳು ಕೊಡುವ ಹೊತ್ತಿಗೆ ನಿಮ್ಮ ಮಗ ಕಾಲೇಜು ಮುಗಿಸಿರುತ್ತಾನೆ. ಮರದ ಸುತ್ತ ಫುಟ್‌ಪಾತ್ ಬಳಸಿ ಹೋಗಲಿ. ಬುಡಕ್ಕೆ ಒಂದು ಕಟ್ಟೆ ಕಟ್ಟಿಸಿದರೆ ಅತ್ತೆಯವರಿಗೆ ನಡುದಾರಿಯಲ್ಲಿ ಕೂರಲು ಜಾಗ ಆಯಿತು. 200 ಮೀಟರಿಗೊಮ್ಮೆ ಕೂರಲು ಸಿಕ್ಕರೆ ಮುದುಕರು 600 ಮೀಟರ್ ನಡೆಯುತ್ತಾರೆ. ಸಿಗದಿದ್ದರೆ ಮನೆಯಿಂದಲೇ ಹೊರಡುವುದಿಲ್ಲ.

ದೀಪದ ಬಗ್ಗೆ ಒಂದೇ ಮಾತು. ಎತ್ತರದ ಕಂಬದ ದೀಪ ಮರದ ಮೇಲೆ ಬೆಳಕು ಚೆಲ್ಲುತ್ತದೆ, ಫುಟ್‌ಪಾತ್ ಕತ್ತಲಲ್ಲೇ ಇರುತ್ತದೆ. ಕೊಂಬೆಗಳ ಕೆಳಗೆ ಬರುವ ಗಿಡ್ಡ ಕಂಬ ಕೇಳಿ.

ಇದೆಲ್ಲ ಆಗುವವರೆಗೆ ಮಗ ಏನು ಮಾಡಬೇಕು? ಆರನೇ ಕ್ಲಾಸಿನ ಹುಡುಗ ಕಲಿಯಬಲ್ಲ. ಮೊದಲು ಒಂದೆರಡು ವಾರ ನೀವು ಜೊತೆ ನಡೆಯಿರಿ, ಆಮೇಲೆ ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಸ್ವಲ್ಪ ಸುತ್ತಾದರೂ ಒಳಗಿನ ಓಣಿಯ ದಾರಿಯೇ ಇರಲಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವಂತೆ ನಡೆಯಲಿ. ನಿಂತ ಬಸ್ಸಿನ ಮುಂದಿನಿಂದ ದಾಟಬಾರದು ಅನ್ನುವುದನ್ನ ಮಾತ್ರ ಬೈದಾದರೂ ಕಲಿಸಿ. ಓಣಿಯ ನಾಲ್ಕು ಮಕ್ಕಳು ಕೂಡಿ ಹೊರಟರೆ ಗಾಡಿಯವರ ಕಣ್ಣಿಗೂ ಬೀಳುತ್ತಾರೆ.

ಇನ್ನು ಯಾರನ್ನ ಕೇಳಬೇಕು ಅನ್ನುವುದು. ಮೊದಲು ಆ ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಿ. ಮಹಾನಗರ ಪಾಲಿಕೆಯದ್ದೋ, ಲೋಕೋಪಯೋಗಿ ಇಲಾಖೆಯದ್ದೋ, ರಾಷ್ಟ್ರೀಯ ಹೆದ್ದಾರಿಯದ್ದೋ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲೂ ನಮ್ಮಲ್ಲಿ ರಸ್ತೆಗಳಾಗುತ್ತವೆ, ಹಾಗಾಗಿ ಹಣ ಯಾರದ್ದು ಅಂತಲೂ ಕೇಳಿ. ತಪ್ಪು ಮೇಜಿಗೆ ಕೊಟ್ಟ ಅರ್ಜಿ ಅಲ್ಲೇ ಮಲಗುತ್ತದೆ. ಆಮೇಲೆ ಅಂದಾಜು ಪಟ್ಟಿ ಮತ್ತು ಕ್ರಾಸ್ ಸೆಕ್ಷನ್ ನಕ್ಷೆ ಕೇಳಿ. ರಸ್ತೆಯನ್ನ ಅಡ್ಡಲಾಗಿ ಕೊಯ್ದು ನೋಡಿದಂತೆ ತೋರಿಸುವ ನಕ್ಷೆ ಅದು. ಫುಟ್‌ಪಾತ್ ಎಷ್ಟು ಅಗಲ, ಚರಂಡಿ ಎಲ್ಲಿ, ಮರ ಎಲ್ಲಿ ಅಂತ ಒಂದು ನೋಟದಲ್ಲಿ ಗೊತ್ತಾಗುತ್ತದೆ. ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಟೆಂಡರ್ ಕರೆಯುವ ಮುಂಚೆಯೇ ಇದನ್ನ ಮಾಡಿ. ನಕ್ಷೆಯಲ್ಲಿ ಗೆರೆ ಬದಲಾಯಿಸಲು ರಬ್ಬರ್ ಸಾಕು, ಕಾಂಕ್ರೀಟ್ ಬಿದ್ದ ಮೇಲೆ ಆಗುವುದಿಲ್ಲ.

ಅರ್ಜಿಯಲ್ಲಿ ಎರಡು ಕಾನೂನಿನ ಮಾತು ಸೇರಿಸಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಪಾದಚಾರಿಗಳಿಗೆ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಎರಡನೆಯದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ. ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ಮಾಡಿ, ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವೈಕಲ್ಯವಾದರೆ, ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಹೆದರಿಸುವ ದನಿಯಲ್ಲಿ ಬರೆಯಬೇಡಿ. ಒಳ್ಳೆಯ ಎಂಜಿನಿಯರಿಗೆ ಇದು ಆಸರೆ. ಮೇಲಿನವರು ಫುಟ್‌ಪಾತ್ ಕತ್ತರಿಸು ಅಂದಾಗ ತೋರಿಸಲು ಅವರಿಗೂ ಒಂದು ಕಾಗದ ಬೇಕಾಗಿರುತ್ತದೆ.

ಅರ್ಜಿಗೆ ಆ ಚೀಟಿಯನ್ನ ಲಗತ್ತಿಸುವುದು ಮರೆಯಬೇಡಿ. "ಅಜ್ಜಿ 600 ಮೀಟರಿನಲ್ಲಿ ಇಷ್ಟು ಸಲ ರಸ್ತೆಗೆ ಇಳಿದರು, ಈ ಈ ಜಾಗದಲ್ಲಿ, ಈ ಈ ಕಾರಣಕ್ಕೆ" ಅಂತ ಫೋಟೋ ಸಮೇತ. ಬೆಳಿಗ್ಗೆ ಎಂಟರೊಳಗೆ ಹೋಗಿ, ಅಂಗಡಿ ತೆರೆದ ಮೇಲೆ ಇನ್ನೊಂದು ಸಲ ಹೋಗಿ, ಎರಡರ ಲೆಕ್ಕವೂ ಬೇಕು. ಸುಣ್ಣದ ಕಡ್ಡಿಯಿಂದ ಇಳಿದ ಜಾಗಕ್ಕೆಲ್ಲ ಗುರುತು ಹಾಕಲು ಮಗನಿಗೆ ಹೇಳಿ. ಅಳತೆ ಟೇಪು 30 ಮೀಟರಿನದ್ದು ತೆಗೆದುಕೊಳ್ಳಿ. ಮನೆಯಲ್ಲಿರುವ ಐದು ಮೀಟರಿನದ್ದು ರಸ್ತೆ ಅಳೆಯಲು ಸಾಲುವುದಿಲ್ಲ.